ಗೇಟ್ ಪಾಸ್, ಗುನಿಕಾರ್ನ್ ಮತ್ತು ನಮ್ಮ ಉಡುಪಿ ಹೋಟೆಲ್

ಕಳೆದ ತಿಂಗಳು ಡೊಂಬಿವಲಿಯಲ್ಲಿ ನಮ್ಮೂರಿನವರದ್ದೊಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಇಂಜಿನಿಯರಿಂಗ್ ಕೊನೆಯ ವರ್ಷದವನು. ಸಾರನ್ನಕ್ಕೆ ಕೈ ಹಾಕುತ್ತಾ ಕೇಳಿದ, "ಅಂಕಲ್, ನೀವು ವಾಗ್ಳೆ ಎಸ್ಟೇಟಿನಲ್ಲಿ ಕಂಪ್ಯೂಟರ್ ನೋಡ್ಕೊಳ್ತೀರಂತೆ. ನಾನೊಂದು ಪೈಥಾನ್ ಪ್ರಾಜೆಕ್ಟ್ ಮಾಡಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಫಸ್ಟ್ ಕ್ಲಾಸ್ ಓಡ್ತದೆ. ಆದ್ರೆ ಶುರು ಮಾಡಿದಾಗೆಲ್ಲ ಕೆಂಪು ಅಕ್ಷರದಲ್ಲಿ ಏನೋ ಎಚ್ಚರಿಕೆ ಬರ್ತದೆ. ಅದನ್ನು ತೆಗೆಯೋದು ಹೇಗೆ?"

ನನಗೆ ನಗು ಬಂತು. ಆ ಕೆಂಪು ಸಾಲು ಹೇಳುವುದಿಷ್ಟೇ: ಇದು ಬರೆಯುವಾಗ ಪರೀಕ್ಷೆಗೆಂದು ಇಟ್ಟ ಸರ್ವರ್, ಇದನ್ನು ನಿಜವಾದ ಕೆಲಸಕ್ಕೆ ಹಚ್ಚಬೇಡಿ. "ಅದು ತೆಗೆಯುವ ಎಚ್ಚರಿಕೆ ಅಲ್ಲ ಮಾರಾಯ, ಕೇಳುವ ಎಚ್ಚರಿಕೆ" ಅಂದೆ. ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು. ಆದರೆ ರಾತ್ರಿ ಲೋಕಲ್‌ನಲ್ಲಿ ಠಾಣೆಗೆ ವಾಪಸ್ ಬರುವಾಗ ನನಗೆ ಅದೇ ಗುಂಗು. ಆ ಎಚ್ಚರಿಕೆ ಕೇಳದೆ ನಾನೇನು ಕಳಕೊಂಡೆ ಅಂತ ಆ ಹುಡುಗನಿಗೆ ಹೇಗೆ ಹೇಳುವುದು? ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವನು. 1984ರಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸುವ ಮೊದಲೇ, ಬಸ್ಸು ಹತ್ತಿ ಬಂದವನು. ಆಗ ಕೊಂಕಣ ರೈಲು ಎಲ್ಲಿತ್ತು! ಠಾಣೆ ಸ್ಟೇಷನ್ ಹತ್ತಿರ ನಮ್ಮವರದ್ದೇ ಒಂದು ಹೋಟೆಲು. ಮೊದಲು ಕ್ಲೀನರ್, ಆಮೇಲೆ ಸಪ್ಲಾಯರ್, ಸಂಜೆ ಮೇಲೆ ಕನ್ನಡ ರಾತ್ರಿಶಾಲೆ. ಮುಂಬೈಗೆ ಬಂದ ನಮ್ಮ ಕಡೆಯ ಸಾವಿರಾರು ಹುಡುಗರ ಕತೆಯೇ ಇದು, ಇದರಲ್ಲಿ ವಿಶೇಷ ಏನಿಲ್ಲ. 1991ರಲ್ಲಿ ವಾಗ್ಳೆ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್ ಆಗಿ ಸೇರಿದೆ. ಇವತ್ತಿಗೂ ಅಲ್ಲೇ ಇದ್ದೇನೆ.

ವಾಗ್ಳೆ ಎಸ್ಟೇಟ್ ನೋಡದವರಿಗೆ ಎರಡು ಮಾತು. ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ನಾವೆಲ್ಲ ಎಂಐಡಿಸಿ ಅನ್ನುವುದು, ಹುಟ್ಟಿದ್ದು 1962ರಲ್ಲಿ. ಅದರ ಮೊದಮೊದಲ ಕೈಗಾರಿಕಾ ವಸಾಹತುಗಳಲ್ಲಿ ಇದೂ ಒಂದು. ಇಲ್ಲಿ ರಸ್ತೆಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು. 'ರೋಡ್ ನಂಬರ್ ಹದಿನಾರು', 'ಇಪ್ಪತ್ತೆರಡು' ಅಂತ ರಿಕ್ಷಾದವನಿಗೆ ಹೇಳಿದರೆ ಸಾಕು. ನಾನು ಸೇರಿದಾಗ ಎಲ್ಲಿ ನೋಡಿದರೂ ತಗಡಿನ ಶೆಡ್ಡು, ಲೇತ್ ಮಷೀನಿನ ಸದ್ದು, ಎಣ್ಣೆಯ ವಾಸನೆ. ಈಗ ಅದೇ ರಸ್ತೆಗಳಲ್ಲಿ ಗಾಜಿನ ಐಟಿ ಪಾರ್ಕುಗಳು, ಪಾಸ್‌ಪೋರ್ಟ್ ಕಚೇರಿ. ಆ ಗಾಜಿನ ಕಟ್ಟಡಗಳ ನಡುವೆ ನಮ್ಮಂಥ ಹಳೆಯ ಶೆಡ್ಡುಗಳೂ ಇನ್ನೂ ಉಸಿರಾಡುತ್ತಿವೆ.

ನಮ್ಮ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿ ಲಾರಿಗೂ ಗೇಟ್ ಪಾಸ್ ಬೇಕು. ಇಪ್ಪತ್ತು ವರ್ಷ ಅದನ್ನು ಕಾರ್ಬನ್ ಪೇಪರ್ ಇಟ್ಟು ಕೈಯಲ್ಲೇ ಬರೆದೆ. 2012ರ ಸುಮಾರಿಗೆ ಕಾಲೇಜಿನಲ್ಲಿದ್ದ ಮಗಳು ಮನೆಗೆ ಪೈಥಾನ್ ಪುಸ್ತಕ ತಂದಳು. ಅವಳು ಓದಿ ಬಿಟ್ಟಳು, ನಾನು ಹಿಡಿದು ಕೂತೆ! ಒಂದೂವರೆ ವರ್ಷದಲ್ಲಿ ಒಂದು ಗೇಟ್ ಪಾಸ್ ಪ್ರೋಗ್ರಾಮ್ ಬರೆದೆ. ಫ್ಲಾಸ್ಕ್ ಎಂಬ ಪುಟ್ಟ ಚೌಕಟ್ಟು ಬಳಸಿದ್ದು. 2010ರ ಏಪ್ರಿಲ್ ಒಂದಕ್ಕೆ ಆರ್ಮಿನ್ ರೊನಾಕರ್ ಎಂಬಾತ ತಮಾಷೆಗೆಂದು ಬಿಟ್ಟ ಒಂದು ಪ್ರೋಗ್ರಾಮೇ ಆಮೇಲೆ ಫ್ಲಾಸ್ಕ್ ಆಯಿತು, ಜಗತ್ತೆಲ್ಲ ಹಬ್ಬಿತು. ಸ್ಟೋರಿನ ಮೂಲೆಯ ಹಳೇ ಕಂಪ್ಯೂಟರಿಗೆ ಉಬುಂಟು ಹಾಕಿ, ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಆಯಿತು. ಗೇಟಿನಲ್ಲಿ, ಡಿಸ್ಪ್ಯಾಚಿನಲ್ಲಿ, ಸೇಟ್‌ಜಿ ಕ್ಯಾಬಿನ್ನಿನಲ್ಲಿ ಎಲ್ಲ ಕಡೆ ಪರದೆ ಮೇಲೆ ನನ್ನ ಪ್ರೋಗ್ರಾಮು ಬರುತ್ತಿತ್ತು. ಹೋಟೆಲಿನಲ್ಲಿ ಲೋಟ ತೊಳೆದ ಕೈ ಇದು... ಆ ದಿನ ನನಗಾದ ಹೆಮ್ಮೆ ಸುಳ್ಳಲ್ಲ.

ಫ್ಲಾಸ್ಕ್ ದಾಖಲೆಯಲ್ಲಿ ಆಗಲೇ ಬರೆದಿತ್ತು, ಈ ಒಳಗಿನ ಸರ್ವರ್ ನಿಜ ಬಳಕೆಗಲ್ಲ ಅಂತ. ನಾನು ಓದಿಯೂ ಓದಿದ್ದೆ. 'ದೊಡ್ಡ ದೊಡ್ಡ ಕಂಪೆನಿಗಳಿಗೆ ಇರಬೇಕು, ನಮ್ಮ ದಿನದ ಎಪ್ಪತ್ತು ಎಂಬತ್ತು ಪಾಸಿಗೆ ಯಾಕೆ' ಅಂದುಕೊಂಡೆ.

ಮೊದಲ ಪೆಟ್ಟು ಬಿದ್ದದ್ದು 2014ರ ಮಾರ್ಚ್ 31ಕ್ಕೆ. ವರ್ಷದ ಕೊನೆಯ ದಿನ, ಗೇಟಿನಲ್ಲಿ ಲಾರಿಗಳ ಸಾಲು. ಆಗಿನ್ನೂ ಮುಲುಂಡ್ ಚೆಕ್‌ನಾಕಾದಲ್ಲಿ ಜಕಾತಿ ಇತ್ತು. 2017ರ ಜುಲೈ ಒಂದಕ್ಕೆ ಜಿಎಸ್‌ಟಿ ಬಂದ ಮೇಲೆ ತಾನೇ ಅದು ಹೋದದ್ದು! ಅಲ್ಲಿ ಕ್ಯೂ ಹಿಡಿಯಬೇಕಾದ ಡ್ರೈವರುಗಳಿಗೆ ಒಂದೊಂದು ನಿಮಿಷವೂ ಲೆಕ್ಕ. ಇತ್ತ ಸೇಟ್‌ಜಿ ತಮ್ಮ ಕ್ಯಾಬಿನ್ನಿನಲ್ಲಿ ಇಡೀ ವರ್ಷದ ಸ್ಟಾಕ್ ರಿಪೋರ್ಟ್ ಗುಂಡಿ ಒತ್ತಿದರು. ಗೇಟಿನಲ್ಲಿ ಪರದೆ ಗಡ್ಡೆ ಕಟ್ಟಿತು. ಸುಮಾರು ಒಂದು ನಿಮಿಷ ಏನೂ ಇಲ್ಲ. ರಿಪೋರ್ಟ್ ಬರಲಿಲ್ಲವೆಂದು ಅವರು ಮತ್ತೊಮ್ಮೆ ಒತ್ತಿದರು, ಮಗದೊಮ್ಮೆ ಒತ್ತಿದರು. ಅಷ್ಟೂ ಹೊತ್ತು ಒಂದೇ ಒಂದು ಲಾರಿ ಹೊರಡಲಿಲ್ಲ. ಕಾರಣ ಆಮೇಲೆ ತಿಳಿಯಿತು. ಆಗಿನ ಫ್ಲಾಸ್ಕಿನ ಆ ಪರೀಕ್ಷಾ ಸರ್ವರ್, ಬೇರೇನೂ ಹೇಳದಿದ್ದರೆ, ಒಂದು ಸಲಕ್ಕೆ ಒಬ್ಬರ ಕೆಲಸ ಮಾತ್ರ ಮಾಡುತ್ತಿತ್ತು. ಮುಂದಿನವನದು ಮುಗಿಯದೆ ಹಿಂದಿನವನ ಕಡೆ ತಿರುಗಿಯೂ ನೋಡದು!

ನಾನು ಮಾಡಿದ ಉಪಾಯ ಕೇಳಿ. ಸೇಟ್‌ಜಿಗೆ ಕೈಮುಗಿದು, 'ರಿಪೋರ್ಟನ್ನು ರಾತ್ರಿ ತೆಗೆಯಿರಿ' ಅಂದೆ!

ಎರಡನೇ ಪೆಟ್ಟು ಅದೇ ವರ್ಷ ಜುಲೈಯಲ್ಲಿ. ಊರಿಂದ ತಮ್ಮನ ಫೋನು. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಅಮ್ಮನ ಸೊಂಟದ ಮೂಳೆ ಮುರಿದಿದೆ ಅಂತ. ಮಧ್ಯಾಹ್ನದ ಮತ್ಸ್ಯಗಂಧಾ ಹಿಡಿದೆ. ರತ್ನಾಗಿರಿ ಹತ್ತಿರ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದ. ಆ ಕತ್ತಲಲ್ಲಿ ಫೋನಿನ ಸಿಗ್ನಲ್ ಸತ್ತು ಹೋದಾಗ ನನಗೆ ನೆನಪಾದದ್ದು ಅಮ್ಮ ಅಲ್ಲ, ಸ್ಟೋರಿನ ಮೂಲೆಯ ಕಂಪ್ಯೂಟರು. ಈ ಮಾತು ಬರೆಯಲು ಈಗಲೂ ನಾಚಿಕೆ ಆಗುತ್ತದೆ.

ಆಪರೇಷನ್ ಆಗಿ ಅಮ್ಮ ಮನೆಗೆ ಬಂದ ಮೂರನೆಯ ದಿನ. ನೋವಿನ ಮಾತ್ರೆಯ ಮಂಪರು ಇಳಿದು, ಬಹಳ ದಿನದ ಮೇಲೆ ಸರಿಯಾಗಿ ಮಾತಾಡುತ್ತಿದ್ದಳು. ಅಪ್ಪ ನನ್ನನ್ನು ಬಸ್ಸು ಹತ್ತಿಸಿ ಬಂದ ದಿನ ಊಟ ಮಾಡಲಿಲ್ಲ ಅನ್ನುವ ಸಂಗತಿ ಹೇಳಲು ಶುರು ಮಾಡಿದ್ದಳು. ಮೂವತ್ತು ವರ್ಷದಲ್ಲಿ ಯಾರೂ ನನಗೆ ಅದನ್ನು ಹೇಳಿರಲಿಲ್ಲ. ಆಗಲೇ ಫೋನು ಬಡಕೊಂಡಿತು. ಫ್ಯಾಕ್ಟರಿಯಲ್ಲಿ ಕರೆಂಟು ಹೋಗಿ ಬಂದಿದೆ, ಕಂಪ್ಯೂಟರ್ ಆರಿ ಹೋಗಿ ಮತ್ತೆ ಹಚ್ಚಿದ್ದಾರೆ, ಆದರೆ ಗೇಟ್ ಪಾಸ್ ಬರುತ್ತಿಲ್ಲ. ಹೇಗೆ ಬರಬೇಕು? ಆ ಒಂದು ಸಾಲನ್ನು ಕಪ್ಪು ಕಿಟಕಿಯಲ್ಲಿ ಟೈಪ್ ಮಾಡುವವನು ನಾನೊಬ್ಬನೇ!

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ಮಳೆಯಲ್ಲಿ ಕೊಡೆ ಹಿಡಿದು ನಿಂತು, ಇಂಗ್ಲಿಷ್ ಅಕ್ಷರ ತಡವರಿಸುವ ಡಿಸ್ಪ್ಯಾಚಿನ ಹುಡುಗನಿಗೆ ಹಿಂದಿಯಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿದೆ. 'ಪೈಥಾನ್, ಆಮೇಲೆ ಜಾಗ ಬಿಡು, ಜಾಗ, ಜಾಗ ಬಿಡೋ...' ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಬಂದಾಗ ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ. ತಿರುಗದೆಯೇ ಕೇಳಿದಳು, "ನೀ ಇಲ್ದಿರೆ ನಿನ್ನ ಆ ಅಂಗ್ಡಿ ನಡಿತಿಲ್ಯಾ ಮಗಾ?"

ಬೈದದ್ದಲ್ಲ, ಸುಮ್ಮನೆ ಕೇಳಿದ್ದು. ನನ್ನ ಬಾಯಲ್ಲಿ ಉತ್ತರವಿಲ್ಲ. ಯಾಕೆಂದರೆ ಸ್ನೇಹಿತರೇ, ನಿಜ ಹೇಳಬೇಕೆಂದರೆ, ಆ ಫೋನು ಬಂದಾಗ ನನ್ನೊಳಗೆ ಎಲ್ಲೋ ಒಂದು ಸಣ್ಣ ಖುಷಿಯೂ ಇತ್ತು. ನೋಡಿ, ನಾನಿಲ್ಲದೆ ಅವರಿಗೆ ಆಗುವುದಿಲ್ಲ! ಪರವೂರಿನಲ್ಲಿ ಮೂವತ್ತು ವರ್ಷ ದುಡಿದವನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು? ಅಪ್ಪನ ಆ ಕತೆಯನ್ನು ಅಮ್ಮ ಮತ್ತೆ ಮುಂದುವರಿಸಲಿಲ್ಲ. ನಾನೂ ಕೇಳಲಿಲ್ಲ.

ಠಾಣೆಗೆ ವಾಪಸ್ ಬಂದವನೇ ಮಗಳ ಜೊತೆ ಕೂತು ಓದಲು ಶುರು ಮಾಡಿದೆ. ಆಗ ತಿಳಿದ ಸಂಗತಿ ಇಷ್ಟು. ಪೈಥಾನ್ ಪ್ರೋಗ್ರಾಮಿಗೂ ಅದನ್ನು ಓಡಿಸುವ ಸರ್ವರಿಗೂ ನಡುವೆ ಒಂದು ಒಪ್ಪಂದ ಇದೆ. ಅದರ ಹೆಸರು ಡಬ್ಲ್ಯುಎಸ್‌ಜಿಐ. ಫಿಲಿಪ್ ಎಬಿ ಎಂಬವರು 2003ರಲ್ಲಿ ಮೊದಲು ಬರೆದದ್ದು, 2010ರಲ್ಲಿ ಪೈಥಾನ್ 3ಕ್ಕೂ ಹೊಂದುವಂತೆ ತಿದ್ದಿದ್ದು. ಮನೆಯ ಪ್ಲಗ್ ಮತ್ತು ಸಾಕೆಟ್ ಇದ್ದ ಹಾಗೆ. ಫ್ಲಾಸ್ಕ್ ಆಗಲಿ, ಜ್ಯಾಂಗೊ ಆಗಲಿ, ಈ ಪಿನ್ನು ಸರಿ ಇದ್ದರೆ ಯಾವ ಸರ್ವರಿಗೂ ಸಿಕ್ಕಿಸಬಹುದು. ಅಂಥ ಸರ್ವರುಗಳಲ್ಲಿ ಒಂದು ಗುನಿಕಾರ್ನ್. ಅಂದರೆ 'ಗ್ರೀನ್ ಯುನಿಕಾರ್ನ್', ಒಂಟಿಕೊಂಬಿನ ಹಸಿರು ಕುದುರೆ! ರೂಬಿ ಭಾಷೆಯವರ ಯುನಿಕಾರ್ನ್ ನೋಡಿ 2010ರಲ್ಲಿ ಬೆನುವಾ ಶೆನೊ ಎಂಬಾತ ಪೈಥಾನಿಗೆ ತಂದದ್ದು. ಇನ್‌ಸ್ಟಾಗ್ರಾಮ್ ಕಂಪೆನಿಯಲ್ಲಿ ಇನ್ನೂ ಮೂರೇ ಇಂಜಿನಿಯರುಗಳಿದ್ದ 2011ರಲ್ಲಿ ಅವರೂ ಇದನ್ನೇ ಬಳಸುತ್ತಿದ್ದರು. ಅಷ್ಟು ದೂರ ಯಾಕೆ, ನಮ್ಮ ಮುಂಬೈಯಲ್ಲೇ ಹುಟ್ಟಿ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನೋಡುವ ಇಆರ್‌ಪಿನೆಕ್ಸ್ಟ್ ಕೂಡ ಪೈಥಾನಿನದ್ದು. ಅದನ್ನು ನಿಜ ಕೆಲಸಕ್ಕೆ ಹಚ್ಚುವಾಗಲೂ ಹಿಂದೆ ಓಡುವುದು ಇದೇ ಗುನಿಕಾರ್ನ್.

ಅದು ಕೆಲಸ ಮಾಡುವ ರೀತಿ ಓದುತ್ತಾ ಹೋದಂತೆ ನನಗೆ ನಗು. ಇದು ನಮ್ಮ ಹೋಟೆಲೇ!

ಗುನಿಕಾರ್ನಿನಲ್ಲಿ ಒಬ್ಬ ಮೇಸ್ತ್ರಿ ಇರುತ್ತಾನೆ. ಅವನು ತಾನಾಗಿ ಗಿರಾಕಿಗೆ ಏನೂ ಬಡಿಸುವುದಿಲ್ಲ. ಅವನ ಕೈಕೆಳಗೆ ಸಪ್ಲಾಯರುಗಳು, ಅಂದರೆ ವರ್ಕರುಗಳು. ಒಬ್ಬ ದೊಡ್ಡ ಆರ್ಡರಿನಲ್ಲಿ ಸಿಕ್ಕಿಬಿದ್ದರೆ ಬೇರೆಯವನು ಮುಂದಿನ ಟೇಬಲ್ಲಿಗೆ ಹೋಗುತ್ತಾನೆ. ಎಷ್ಟು ಜನ ಬೇಕು? ಪ್ರೊಸೆಸರಿನ ಕೋರುಗಳ ಎರಡು ಪಟ್ಟು, ಮೇಲೊಂದು. ಇದು ಅವರೇ ಕೊಟ್ಟ ಅಂದಾಜು ಲೆಕ್ಕ. ನಮ್ಮ ಹಳೇ ಮಷೀನಿಗೆ ಎರಡು ಕೋರು, ಹಾಗಾಗಿ ಐದು ವರ್ಕರು. ಯಾವ ಸಪ್ಲಾಯರ್ ಆದರೂ ಮೂವತ್ತು ಸೆಕೆಂಡು ಸದ್ದಿಲ್ಲದೆ ಹೋದರೆ ಮೇಸ್ತ್ರಿ ಅವನನ್ನು ಮನೆಗೆ ಕಳಿಸಿ ಹೊಸಬನನ್ನು ನಿಲ್ಲಿಸುತ್ತಾನೆ. ನಮ್ಮ ಹೋಟೆಲಿನ ಮೇಸ್ತ್ರಿಯೂ ಹೆಚ್ಚುಕಮ್ಮಿ ಹಾಗೇ ಇದ್ದ!

ಬಾಗಿಲಲ್ಲಿ ಇನ್ನೊಬ್ಬ ಬೇಕು. ಅವನು ಎಂಜಿನ್‌ಎಕ್ಸ್, ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಹೊರಗೆ ಬಿಟ್ಟದ್ದು. ನೀರು, ಚಟ್ನಿ ತರಲು ಅಡುಗೆಮನೆಗೆ ಹೋಗಬೇಕಿಲ್ಲವಲ್ಲ, ಹಾಗೆಯೇ ಚಿತ್ರ, ಬಣ್ಣ, ವಿನ್ಯಾಸದ ಫೈಲುಗಳನ್ನು ಅವನೇ ಕೊಟ್ಟು ಬಿಡುತ್ತಾನೆ. 'ಏನುಂಟು? ಇಡ್ಲಿ ಬಿಸಿ ಉಂಟಾ?' ಅಂತ ನಿಧಾನಕ್ಕೆ ಆರ್ಡರ್ ಹೇಳುವ ಗಿರಾಕಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಚೀಟಿ ಮಾಡಿ ಒಳಗೆ ಕೊಡುತ್ತಾನೆ. ಇಲ್ಲದಿದ್ದರೆ ನಿಧಾನದ ನೆಟ್‌ವರ್ಕಿನ ಒಬ್ಬ ಗಿರಾಕಿಗಾಗಿ ಒಬ್ಬ ಸಪ್ಲಾಯರ್ ನಿಂತೇ ಇರಬೇಕಾಗುತ್ತದೆ.

ಇನ್ನು ಮೇಸ್ತ್ರಿಯೇ ಬಿದ್ದು ಹೋದರೆ? ಮಷೀನೇ ಆರಿ ಹೋದರೆ? ಅದಕ್ಕೆ ಸೂಪರ್‌ವೈಸರ್ ಎಂಬ ಇನ್ನೊಂದು ಪ್ರೋಗ್ರಾಮು ಹಾಕಿದೆ. ಈಗ ಆ ಕೆಲಸ ಉಬುಂಟುವಿನೊಳಗೇ ಇರುವ ಸಿಸ್ಟಮ್‌ಡಿ ಮಾಡುತ್ತದೆ. ಮಷೀನ್ ಎದ್ದ ಕೂಡಲೇ ಅದು ಗುನಿಕಾರ್ನನ್ನು ಎಬ್ಬಿಸುತ್ತದೆ, ಬಿದ್ದರೆ ಮತ್ತೆ ನಿಲ್ಲಿಸುತ್ತದೆ. ಕೊನೆಗೆ ಕಂಪ್ಯೂಟರಿನ ಬಯೋಸ್‌ಗೆ ಹೋಗಿ, ಕರೆಂಟು ಬಂದ ಕೂಡಲೇ ತಾನಾಗಿ ಹತ್ತಿಕೊಳ್ಳುವಂತೆ ಒಂದು ಸೆಟ್ಟಿಂಗ್ ಬದಲಿಸಿದೆ. ಎರಡು ನಿಮಿಷದ ಕೆಲಸ! ಅದನ್ನು ಜುಲೈಗೆ ಮೊದಲು ಯಾಕೆ ಮಾಡಲಿಲ್ಲ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಇಷ್ಟು ಮಾಡಿ ಗೆದ್ದೆ ಅಂದುಕೊಂಡರೆ ಮೊದಲ ವಾರದಲ್ಲೇ ಗಲಾಟೆ. ಒಂದೇ ನಂಬರಿನ ಎರಡು ಗೇಟ್ ಪಾಸ್! ತಪ್ಪು ನನ್ನದೇ. ಮುಂದಿನ ಪಾಸಿನ ನಂಬರನ್ನು ಪ್ರೋಗ್ರಾಮಿನ ನೆನಪಿನಲ್ಲಿ ಒಂದು ವೇರಿಯೆಬಲ್ ಆಗಿ ಇಟ್ಟಿದ್ದೆ. ಒಬ್ಬನೇ ಇದ್ದಾಗ ಅದು ಸರಿ. ಈಗ ಐದು ಜನ. ಪ್ರತಿಯೊಬ್ಬನ ತಲೆಯಲ್ಲೂ ಬೇರೆ ಬೇರೆ ಲೆಕ್ಕ. ಒಬ್ಬನಿಗೆ ಗೊತ್ತಾದದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಹೋಟೆಲಿನಲ್ಲಿ ಬಿಲ್ ನಂಬರನ್ನು ಸಪ್ಲಾಯರುಗಳ ತಲೆಯಲ್ಲಿ ಇಡುತ್ತಾರೆಯೇ? ಅದು ಇರುವುದು ಗಲ್ಲೆಯ ಪುಸ್ತಕದಲ್ಲಿ. ಹಾಗೇ ನಂಬರ್ ಕೊಡುವ ಕೆಲಸವನ್ನು ಡೇಟಾಬೇಸಿಗೇ ವಹಿಸಿದೆ, ಸರಿ ಹೋಯಿತು.

ಸೇಟ್‌ಜಿಯ ಸ್ಟಾಕ್ ರಿಪೋರ್ಟೂ ಕೈ ಕೊಟ್ಟಿತು. ಅದಕ್ಕೆ ಐವತ್ತು ಸೆಕೆಂಡು ಬೇಕು, ಮೇಸ್ತ್ರಿ ಮೂವತ್ತಕ್ಕೇ ಸಪ್ಲಾಯರನ್ನು ಓಡಿಸುತ್ತಾನೆ. ಪರದೆಯಲ್ಲಿ '502 ಬ್ಯಾಡ್ ಗೇಟ್‌ವೇ'. ಮೂವತ್ತನ್ನು ಇನ್ನೂರು ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಮಗಳು ಬಿಡಲಿಲ್ಲ. "ಅಪ್ಪಾ, ಇಷ್ಟು ಹೊತ್ತು ಯಾಕೆ ಹಿಡೀತದೆ ಅಂತ ಮೊದಲು ನೋಡು" ಅಂದಳು. ತಾರೀಕಿನ ಕಾಲಮ್ಮಿಗೆ ಇಂಡೆಕ್ಸೇ ಇರಲಿಲ್ಲ! ಹಾಕಿದ ಮೇಲೆ ನಾಲ್ಕು ಸೆಕೆಂಡಿಗೆ ಇಳಿಯಿತು. ಸೇಟ್‌ಜಿ ಹಗಲೇ ರಿಪೋರ್ಟ್ ತೆಗೆಯತೊಡಗಿದರು.

ಕೊನೆಯದಾಗಿ ಒಂದು ಕಾಗದದಲ್ಲಿ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಹಿಂದಿಯಲ್ಲಿ ಬರೆದು ಮಷೀನಿನ ಮೇಲೆ ಅಂಟಿಸಿದೆ. ನಿಂತರೆ ಏನು ಒತ್ತಬೇಕು, ಯಾವುದನ್ನು ಮುಟ್ಟಬಾರದು, ಲಾಗ್ ಎಲ್ಲಿದೆ. ಆ ಡಿಸ್ಪ್ಯಾಚಿನ ಹುಡುಗನಿಗೆ ಎರಡು ಶನಿವಾರ ಕೂತು ಕಲಿಸಿದೆ. ಅವನು ಕಲಿತ ದಿನ ನನಗೆ ಸ್ವಲ್ಪ ಸಂಕಟವೇ ಆಯಿತು ಅನ್ನಿ. ಇನ್ನು ನನ್ನನ್ನು ಯಾರು ಕೇಳುತ್ತಾರೆ?

2017ರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಈ ಸಲ ಅವಳ ಹತ್ತಿರ ಕೊನೆಯ ಎರಡು ದಿನ ಇದ್ದೆ. ಮಾತು ನಿಂತಿತ್ತು, ಆದರೆ ಕೈ ಹಿಡಿದುಕೊಂಡರೆ ಗೊತ್ತಾಗುತ್ತಿತ್ತು. ಅಪ್ಪನ ಕತೆಯ ಉಳಿದ ಭಾಗ ಕೇಳುವ ಕಾಲ ಮಾತ್ರ ದಾಟಿ ಹೋಗಿತ್ತು. ಬೊಜ್ಜ ಮುಗಿಯುವವರೆಗೆ, ಹದಿಮೂರು ದಿನ, ಊರಲ್ಲೇ ಉಳಿದೆ. ಅಭ್ಯಾಸಬಲದಿಂದ ದಿನಕ್ಕೆ ಹತ್ತು ಸಲ ಬಾವಿಕಟ್ಟೆಯ ಹತ್ತಿರ ಹೋಗಿ ಫೋನು ನೋಡುತ್ತಿದ್ದೆ. ಫ್ಯಾಕ್ಟರಿಯಿಂದ ಒಂದೇ ಒಂದು ಕರೆ ಇಲ್ಲ. ಬಂದದ್ದೆಲ್ಲ ದುಃಖ ಹೇಳುವ ಮೆಸೇಜುಗಳು.

ವಾಪಸ್ ಬಂದ ದಿನ ಮೊದಲು ಲಾಗ್ ತೆರೆದು ನೋಡಿದೆ. ನಾನಿಲ್ಲದ ಆ ದಿನಗಳಲ್ಲಿ ಎರಡು ಸಲ 'ವರ್ಕರ್ ಟೈಮ್‌ಔಟ್' ಅಂತ ಇತ್ತು. ಅದರ ಕೆಳಗಿನ ಸಾಲಿನಲ್ಲೇ 'ಬೂಟಿಂಗ್ ವರ್ಕರ್', ಹೊಸಬ ಬಂದು ನಿಂತಿದ್ದ. ಒಂದು ದಿನ ಮಷೀನೇ ಆರಿ, ತಾನಾಗಿ ಹತ್ತಿಕೊಂಡಿತ್ತು. ಡಿಸ್ಪ್ಯಾಚಿನ ಹುಡುಗನನ್ನು ಕೇಳಿದೆ, 'ಏನಾದರೂ ತೊಂದರೆ ಆಯಿತಾ?' ಅವನು, 'ಇಲ್ಲ ಅಣ್ಣಾ, ಎಲ್ಲ ನಡೀತಿತ್ತು' ಅಂದ. ಅವನಿಗೆ ಗೊತ್ತೇ ಆಗಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಮ್ಮನ ಪ್ರಶ್ನೆಗೆ ಮೂರು ವರ್ಷ ತಡವಾಗಿ ಉತ್ತರ ಸಿಕ್ಕಿತ್ತು. ನಡಿತ್ ಅಮ್ಮಾ... ನಾನಿಲ್ಲದಿದ್ದರೂ ನಡಿತ್.

ನಮ್ಮ ಕಾರ್ಖಾನೆಗೆ ಶುಕ್ರವಾರ ರಜೆ. ಬರುವ ಶುಕ್ರವಾರ ಆ ಡೊಂಬಿವಲಿಯ ಹುಡುಗನಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಾ ಅಂದಿದ್ದೇನೆ. ಮೊದಲು ಚಾ ಕುಡಿಸಿ, ಆಮೇಲೆ ಅವನ ಪ್ರೋಗ್ರಾಮು ಓಡುತ್ತಿರುವಾಗಲೇ ಕಪ್ಪು ಕಿಟಕಿ ಮುಚ್ಚಿಬಿಡು ಅನ್ನುತ್ತೇನೆ. ಪಾಠ ಅಲ್ಲಿಂದ ಶುರು.